ಹೊಟ್ಟಿನ ಹೊಟ್ಟೆ

ಮೋಜೋ ಅಂತ ಊರು, ಮೋಜೋ ಅಂತಲೇ ಹೊಳೆ.
ಕನ್ನಡದ ಕಿವಿಗೆ ನಗು ಬರುತ್ತದೆ, ಬರಲಿ;
ದಂಡೆಗೆ ಹೋದರೆ ಉಳಿದದ್ದನ್ನು ಮೂಗು ಹೇಳುತ್ತದೆ:
ಸುಣ್ಣ, ಕೊಳೆತ ಕೂದಲು, ಉಪ್ಪು, ಮತ್ತೆ
ನಾಲಿಗೆಯ ತುದಿಗೆ ತಂತಿ ತಾಗಿದಂಥ ಏನೋ ಒಂದು.
ಕತ್ತೆಗಳು ಕಾಲದ್ದಿ ನಿಲ್ಲುತ್ತವೆ, ಕುಡಿಯುವುದಿಲ್ಲ.
ಕತ್ತೆಗೇನು ಗೊತ್ತು ಅನ್ನುವವರು
ಇಲ್ಲಿ ಒಂದು ಸಂಜೆ ಕೂರಬೇಕು.

ಸೊರೆಟ್ಟಿ ಶುರುಮಾಡಿದ್ದು ಬಿಸ್ಕತ್ತಿನ ಡಬ್ಬಿಯಲ್ಲಿ.
ಕಾಫಿ ಗಿರಣಿಯ ಹಿಂದೆ ಗುಡ್ಡೆಬಿದ್ದ ಹೊಟ್ಟು.
ಕೇಳಿದರೆ ಕಾವಲುಗಾರ ನಕ್ಕ: "ತಗೊಂಡು ಹೋಗು ತಾಯಿ,
ಗಾಳಿಗೆ ಕೊಡುವುದನ್ನು ನಿನಗೆ ಕೊಟ್ಟರಾಯಿತು."
ತೊಳೆದಳು, ಒಣಗಿಸಿದಳು, ಮುಚ್ಚಳ ಬಿಗಿದು ಸುಟ್ಟಳು.
ಉಸಿರು ಕೊಡದೆ ಸುಟ್ಟರೆ ಬೂದಿಯಾಗುವುದಿಲ್ಲ, ಇದ್ದಿಲಾಗುತ್ತದೆ.
ಜರಡಿ ಹಿಡಿದು ಮುರುಕು ಪೈಪಿಗೆ ತುಂಬಿ,
ಚರ್ಮದ ಕಂಪನಿಯ ಮೋರಿಯ ನೀರನ್ನು
ತುಸು ಹುಳಿ ಮಾಡಿ, ಮೇಲಿಂದ ಹುಯ್ದಳು.

ಹೀರುವುದಲ್ಲ ಕಣೇ ಇದು, ಎಂದಳು ತಂಗಿಗೆ.
ಅರಿವೆ ಹೀರುತ್ತದೆ, ಹಿಂಡಿದರೆ ಬಿಡುತ್ತದೆ.
ಇದು ಹಾಗಲ್ಲ. ಕಣಕಣದಲ್ಲೂ ಕಾಣದ ಪೊಟರೆ,
ಪೊಟರೆಯೊಳಗೆ ಪೊಟರೆ,
ಒಂದು ಚಿಟಿಕೆ ಬಿಚ್ಚಿ ಹಾಸಿದರೆ ಈ ಕೋಣೆ ಸಾಲದು.
ಆ ಗೋಡೆಗಳಿಗೆ ಕ್ರೋಮಿಯಂ ಬಂದು ಆತುಕೊಳ್ಳುತ್ತದೆ,
ಮಳೆಗೆ ಸಿಕ್ಕವರು ಸೂರಂಚಿಗೆ ಆತುಕೊಂಡ ಹಾಗೆ.

ಅವರ ಮನೆಯಲ್ಲಿ ಕಾಫಿ ಮೂರು ಸಲ:
ಅಬೋಲ್, ತೋನಾ, ಬೆರೆಕಾ.
ಅದೇ ಪುಡಿ, ಮತ್ತೆ ಮತ್ತೆ ನೀರು.
ಮೂರನೆಯದು ತೀರ ತೆಳು, ಆದರೆ ಹರಸುವುದು ಅದೇ.
ಆ ಲೆಕ್ಕವನ್ನೇ ಪೈಪಿಗೂ ಹಚ್ಚಿದಳು.
ಅಬೋಲ್: ಪರೀಕ್ಷೆಯ ಹನಿ ಬಿದ್ದದ್ದೇ ಕಡು ನೇರಳೆ.
ತೋನಾ: ಗುಲಾಬಿ. ಮೊಂಡು ಗುಲಾಬಿ, ಹನ್ನೊಂದು ದಿನ.
ಬೆರೆಕಾ:
ಏನೂ ಇಲ್ಲ. ಲೋಟದಾಚೆ ಕಿಟಕಿ ಕಂಡಿತು,
ಕಿಟಕಿಯಾಚೆ ಒಣಗಲು ಹಾಕಿದ ಅಪ್ಪನ ಅಂಗಿ.

ಅಪ್ಪ ಗುದೆತಾ ಲೋಟ ಎತ್ತಿ ನೋಡಿದ.
ಇಪ್ಪತ್ತೆರಡು ವರ್ಷ ತೊಗಲಿನ ಪೀಪಾಯಿ ತಿರುವಿದ ಕೈ;
ಬೆರಳ ಗೆಣ್ಣುಗಳಲ್ಲಿ ತೂತು, ಕಡಲೆ ಕೂರುವಷ್ಟು,
ನೋಯದ, ಮಾಯದ ತೂತು.
"ಇಷ್ಟು ಅಗ್ಗವೇ ಇದು?"
"ಹೊಟ್ಟಿಗೆ ಬೆಲೆಯೇ ಇಲ್ಲ ಅಪ್ಪ, ಸೌದೆಯ ಖರ್ಚು ಮಾತ್ರ."
"ಹಾಗಾದರೆ ಕಂಪನಿ ಒಪ್ಪುತ್ತದೆ," ಎಂದ,
"ಅಗ್ಗದ್ದು ಅವರಿಗೆ ಅಭ್ಯಾಸ."
ಲೋಟ ಕೆಳಗಿಟ್ಟು ಬೆರಳು ಮಡಚಿಕೊಂಡ.

ಆಮೇಲಿನ ಬುಧವಾರ ಅಮ್ಮ ಕಾಫಿ ಹುರಿಯಲು
ಹಿತ್ತಿಲ ಚೀಲದಿಂದ ಒಂದು ಮೊರ ಇದ್ದಿಲು ತಂದಳು.
ಕಪ್ಪಿಗೂ ಕಪ್ಪಿಗೂ ಏನು ಭೇದ?
ಸೊರೆಟ್ಟಿ ಓಡಿಬಂದು ಮೊರ ಕಿತ್ತಳು,
ಹುಟ್ಟಿದಾಗಿನಿಂದ ಮೊದಲ ಸಲ ಅಮ್ಮನ ಮೇಲೆ ಕೂಗಿದಳು.
ನೆಲಕ್ಕೆ ಹಾಸಿದ ಹಸಿ ಹುಲ್ಲಿನ ಮೇಲೆಲ್ಲ ಬೀಜ ಚೆಲ್ಲಿತು.
ಒಂದೊಂದೇ ಆಯುತ್ತ, ತಲೆ ಎತ್ತದೆ, ಅಮ್ಮ ಕೇಳಿದಳು:
"ಹೊಳೆಯಿಂದ ತೆಗೆದೆ, ಸರಿ. ಮನೆಗೆ ತಂದಿಟ್ಟೆ.
ಹೊಟ್ಟಿಗೂ ಹೊಟ್ಟೆಯುಂಟು, ಅದು ತುಂಬಿತು.
ಇನ್ನು ಇದನ್ನು ಎಲ್ಲಿ ಹೂಳುತ್ತೀ? ಯಾರ ಹೊಲದಲ್ಲಿ?"

ಉತ್ತರ ಪುಸ್ತಕದಲ್ಲಿತ್ತು. ಕೊನೆಯ ಪುಟದಲ್ಲಿ,
ಎರಡೇ ಶಬ್ದ: ಸೂಕ್ತ ವಿಲೇವಾರಿ.

ಈಗ ಸಿಮೆಂಟಿನಲ್ಲಿ ಕಲೆಸಿ ಇಟ್ಟಿಗೆ ಎರೆಯುತ್ತಿದ್ದಾಳೆ.
ಪ್ರತಿ ಇಟ್ಟಿಗೆಗೂ ತಾರೀಖು. ವಾರಕ್ಕೊಮ್ಮೆ
ಅದ್ದಿಟ್ಟ ನೀರಿಗೆ ಒಂದು ಹನಿ, ನೇರಳೆ ಬಂತೇ ನೋಡಲು.
ಈವರೆಗೆ ಬಂದಿಲ್ಲ.
'ಈವರೆಗೆ' ಎಂದೇ ಬರೆದುಕೊಳ್ಳುತ್ತಾಳೆ.
ಆರು ಇಟ್ಟಿಗೆ. ಹೊಳೆ ಹರಿಯುತ್ತಿದೆ.
ಅದರ ಮೇಲೆ ಕೂರಬೇಡ ಎಂದರೂ ಕೇಳದೆ
ಸಂಜೆ ಅಪ್ಪ ಅಲ್ಲೇ ಕೂರುತ್ತಾನೆ,
"ನಮ್ಮಿಬ್ಬರದು ಹೊಸ ಪರಿಚಯವೇನಲ್ಲ" ಎನ್ನುತ್ತ,
ಮೂರನೆಯ ಬಟ್ಟಲು ಕೈಯಲ್ಲಿ ಹಿಡಿದು.